ಲೈಲ್ ಅಲ್ಜಾಡೋ: ತಡವಾಗಿ ಹೇಳಿದ ನಿಜ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಡಿಫೆನ್ಸಿವ್ ಲೈನ್‌ಮನ್ ಅಂತ ಒಂದು ಜಾಗ ಇದೆ. ಆಟ ಶುರುವಾದ ಕೂಡಲೇ ಎದುರಿಗಿರೋ ದೈತ್ಯರ ಸಾಲನ್ನು ಭೇದಿಸಿ, ಅದರ ಹಿಂದೆ ಚೆಂಡು ಹಿಡಿದು ನಿಂತ ಕ್ವಾರ್ಟರ್‌ಬ್ಯಾಕ್‌ನನ್ನು ನೆಲಕ್ಕೆ ಕೆಡವೋದು ಅವನ ಕೆಲಸ. ತೂಕ ಬೇಕು, ವೇಗ ಬೇಕು, ಸ್ವಲ್ಪ ಸಿಟ್ಟೂ ಬೇಕು. ಈ ಮೂರರಿಂದಲೂ ಹೆಸರು ಮಾಡಿದವನು ಲೈಲ್ ಅಲ್ಜಾಡೋ. ಹಾಸ್ಟೆಲ್‌ನಿಂದ ಜಿಮ್‌ಗೆ ಓಡೋ ನಮ್ಮಂಥವರು ಅವನ ಕತೆ ಒಮ್ಮೆ ಓದಬೇಕು.

ಅವನು ಹುಟ್ಟಿದ್ದು 1949ರ ಏಪ್ರಿಲ್ 3ರಂದು, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ಹೈಸ್ಕೂಲಿನಲ್ಲಿದ್ದಾಗಲೇ ತಂದೆ ಮನೆ ಬಿಟ್ಟು ಹೋದ. ಚೆನ್ನಾಗಿ ಆಡುತ್ತಿದ್ದರೂ ದೊಡ್ಡ ಕಾಲೇಜುಗಳು ಸ್ಕಾಲರ್‌ಶಿಪ್ ಕೊಡಲಿಲ್ಲ. ಕೊನೆಗೆ ಸೇರಿದ್ದು ದಕ್ಷಿಣ ಡಕೋಟಾದ ಯಾಂಕ್ಟನ್ ಅನ್ನೋ ಪುಟ್ಟ ಕಾಲೇಜಿಗೆ. ಮೈ ಸಾಲದು ಅನ್ನಿಸಿ 1969ರಲ್ಲಿ ಸ್ಟೆರಾಯ್ಡ್ ಶುರುಮಾಡಿದ. ಮೈ ಬೆಳೀತು. ಆದ್ರೆ ಅಂಥ ಮೂಲೆಯ ಕಾಲೇಜಿನ ಆಟ ನೋಡೋಕೆ ಯಾರು ಬರ್ತಾರೆ?

ಅದೃಷ್ಟ ನೋಡಿ. ಡೆನ್ವರ್ ಬ್ರಾಂಕೋಸ್ ತಂಡದ ಕೋಚ್ ಸ್ಟಾನ್ ಜೋನ್ಸ್ ಅವರ ಕಾರು ಮೊಂಟಾನಾದ ಬ್ಯೂಟ್ ಊರಲ್ಲಿ ಕೆಟ್ಟು ನಿಂತಿತು. ಹೊತ್ತು ಕಳೆಯೋಕೆ ಅವರು ಅಲ್ಲಿನ ಮೊಂಟಾನಾ ಟೆಕ್ ಕಾಲೇಜಿಗೆ ಹೋಗಿ ಹಳೇ ಪಂದ್ಯಗಳ ಫಿಲ್ಮ್ ನೋಡ್ತಾ ಕೂತರು. ಒಂದು ರೀಲಿನಲ್ಲಿ ಎದುರಾಳಿ ಯಾಂಕ್ಟನ್. ಅದರ ಲೈನ್‌ಮನ್ ಒಬ್ಬ ಎಲ್ಲರನ್ನೂ ಉರುಳಿಸ್ತಿದ್ದ. 1971ರ ಡ್ರಾಫ್ಟ್‌ನ ನಾಲ್ಕನೇ ಸುತ್ತಿನಲ್ಲಿ ಡೆನ್ವರ್ ಅವನನ್ನು ಆರಿಸಿಕೊಂಡಿತು.

1977ರಲ್ಲಿ ಡೆನ್ವರ್ 14 ಪಂದ್ಯಗಳಲ್ಲಿ 12 ಗೆದ್ದು ಮೊದಲ ಸಲ ಪ್ಲೇಆಫ್‌ಗೆ ಬಂತು. ಕಿತ್ತಳೆ ಜೆರ್ಸಿಯ ಆ ರಕ್ಷಣಾ ಪಡೆಗೆ ಆರೆಂಜ್ ಕ್ರಷ್ ಅಂತಲೇ ಹೆಸರು. ಸೂಪರ್ ಬೌಲ್‌ನಲ್ಲಿ ಮಾತ್ರ ಡಲ್ಲಾಸ್ ಎದುರು 27-10ರಿಂದ ಸೋತರು. 1979ರಲ್ಲಿ ಅಲ್ಜಾಡೋ ಮುಹಮ್ಮದ್ ಅಲಿ ಜೊತೆ ಎಂಟು ಸುತ್ತಿನ ಪ್ರದರ್ಶನ ಬಾಕ್ಸಿಂಗನ್ನೂ ಆಡಿದ! ಅದೇ ವರ್ಷ ಕ್ಲೀವ್‌ಲ್ಯಾಂಡ್‌ಗೆ, 1982ರಲ್ಲಿ ಲಾಸ್ ಏಂಜಲಿಸ್ ರೈಡರ್ಸ್‌ಗೆ ಹೋದ. 1984ರ ಜನವರಿಯಲ್ಲಿ ವಾಷಿಂಗ್ಟನ್ ತಂಡವನ್ನು 38-9ರಿಂದ ಸೋಲಿಸಿ ರೈಡರ್ಸ್ ಸೂಪರ್ ಬೌಲ್ ಗೆದ್ದಾಗ ಅವನೂ ಕಣದಲ್ಲಿದ್ದ.

ಅವನ ಸಿಟ್ಟಿನ ಕತೆಗಳಿಗೂ ಕಮ್ಮಿಯಿಲ್ಲ. ಒಂದು ಪಂದ್ಯದಲ್ಲಿ ಎದುರಾಳಿಯ ಹೆಲ್ಮೆಟ್ ಕಿತ್ತು ಎಸೆದ. ಆಮೇಲೆ ಅಂಥದ್ದನ್ನು ತಡೆಯೋಕೆ ಲೀಗ್ ನಿಯಮವನ್ನೇ ಬಿಗಿ ಮಾಡಬೇಕಾಯ್ತು. ಸ್ಟೆರಾಯ್ಡ್ ತಗೋತೀಯಾ ಅಂತ ಯಾರಾದರೂ ಕೇಳಿದರೆ ಮಾತ್ರ ಇಲ್ಲವೇ ಇಲ್ಲ ಅನ್ನುತ್ತಿದ್ದ. ಆ ಸುಳ್ಳನ್ನು ವರ್ಷಾನುಗಟ್ಟಲೆ ಹೇಳಿದ.

1985ರ ಸೀಸನ್ ಮುಗಿದ ಮೇಲೆ ನಿವೃತ್ತನಾದ, ಸಿನಿಮಾಗಳಲ್ಲಿ ನಟಿಸಿದ. ಆದ್ರೆ ಮೈದಾನದ ಹುಚ್ಚು ಬಿಡಲಿಲ್ಲ. 1990ರಲ್ಲಿ, 41ನೇ ವಯಸ್ಸಿನಲ್ಲಿ, ಮತ್ತೆ ಆಡೋಕೆ ಹೊರಟ. ಅದಕ್ಕಾಗಿ ಸ್ಟೆರಾಯ್ಡ್ ಜೊತೆಗೆ ಗ್ರೋತ್ ಹಾರ್ಮೋನನ್ನೂ ತಗೊಂಡಿದ್ದಾಗಿ ಆಮೇಲೆ ಅವನೇ ಒಪ್ಪಿಕೊಂಡ. ಮೊಣಕಾಲು ಕೈಕೊಟ್ಟಿತು, ಸೀಸನ್ ಶುರುವಾಗೋ ಮೊದಲೇ ಆಟ ಮುಗೀತು.

ಮರುವರ್ಷ ಮಿದುಳಿನಲ್ಲಿ ಕ್ಯಾನ್ಸರ್ ಪತ್ತೆಯಾಯ್ತು. 1991ರ ಜುಲೈನಲ್ಲಿ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆಯ ಮುಖಪುಟದಲ್ಲಿ, ಔಷಧಿಯಿಂದ ಬೋಳಾದ ತಲೆಗೆ ಬಟ್ಟೆ ಕಟ್ಟಿಕೊಂಡು ಕಾಣಿಸಿಕೊಂಡ. ಇಷ್ಟು ವರ್ಷ ಹೇಳಿದ್ದು ಸುಳ್ಳು ಅಂತ ಒಪ್ಪಿಕೊಂಡ. ತನ್ನ ಕಾಯಿಲೆಗೆ ಸ್ಟೆರಾಯ್ಡೇ ಕಾರಣ ಅಂತ ನಂಬಿದ್ದ. 1992ರ ಮೇ 14ರಂದು ತೀರಿಕೊಂಡಾಗ ಅವನಿಗೆ ಬರೀ 43 ವರ್ಷ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಅವನ ಮಿದುಳಿನ ಗಡ್ಡೆಗೂ ಸ್ಟೆರಾಯ್ಡ್‌ಗೂ ಸಂಬಂಧ ಇದೆ ಅನ್ನೋದು ಸಾಬೀತಾಗಿಲ್ಲ. ಒಂದಾದ ಮೇಲೆ ಇನ್ನೊಂದು ಆಯ್ತು ಅಂದಮಾತ್ರಕ್ಕೆ ಮೊದಲನೆಯದೇ ಕಾರಣ ಅನ್ನೋಕಾಗಲ್ಲ. ಇದು ನಮಗೆ ಲ್ಯಾಬ್‌ನಲ್ಲೇ ಗೊತ್ತಾಗಿರೋ ಪಾಠ. ಹಾಗಂತ ಸ್ಟೆರಾಯ್ಡ್ ನಿರಪಾಯಕಾರಿಯೂ ಅಲ್ಲ. ಹೃದಯ, ಲಿವರ್, ಮನಸ್ಸು ಮೂರಕ್ಕೂ ಅದರಿಂದ ಆಗೋ ಹಾನಿ ವೈದ್ಯರಿಗೆ ಚೆನ್ನಾಗಿ ಗೊತ್ತು.

ಅಲ್ಜಾಡೋ ಕೊಟ್ಟ ಕಾರಣ ಸರಿಯಿಲ್ಲದೆ ಇರಬಹುದು, ಆದ್ರೆ ಅವನ ತಪ್ಪೊಪ್ಪಿಗೆ ನಿಜ. ಮೈ ಸಾಲದು ಅನ್ನೋ ಭಯ ಅವನಿಗೆ ಹುಟ್ಟಿದ್ದು ನಮ್ಮದೇ ವಯಸ್ಸಿನಲ್ಲಿ. ಅದನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳೋಕೆ ಅವನಿಗೆ 22 ವರ್ಷ ಬೇಕಾಯ್ತು. ಜಿಮ್‌ನಲ್ಲಿ ಯಾರಾದರೂ ಬೇಗ ಮೈ ಬರೋ ದಾರಿ ತೋರಿಸಿದರೆ, ಮೊದಲು ಒಬ್ಬ ಡಾಕ್ಟರನ್ನೋ ರೂಮ್‌ಮೇಟನ್ನೋ ಕೇಳಿ. ಅಷ್ಟು ವರ್ಷ ಕಾಯಬೇಡಿ.