ಒಂದೇ ಹೆಸರಿನ ಹಲವರು: ಮಹಾದಾಸೋಹಿ ಶರಣಬಸವೇಶ್ವರರ ಸ್ಮರಣೆ

ನಮ್ಮ ಶ್ರೀಮಠದ ದಾಸೋಹದ ಲೆಕ್ಕಪುಸ್ತಕದಲ್ಲಿ ಒಂದು ತೊಡಕು ಪ್ರತಿವರ್ಷವೂ ಎದುರಾಗುತ್ತದೆ. ಜೋಳ ಒಪ್ಪಿಸಿದವರು ಶರಣಬಸಪ್ಪ, ತೊಗರಿ ತಂದವರು ಶರಣಬಸಪ್ಪ, ಪಂಕ್ತಿಯಲ್ಲಿ ಬಡಿಸಲು ನಿಂತವರೂ ಶರಣಬಸಪ್ಪ. ತಂದೆಯ ಹೆಸರನ್ನೂ ಊರನ್ನೂ ಬರೆಯದಿದ್ದರೆ ಯಾರ ಸೇವೆ ಯಾರದೆಂದು ತಿಳಿಯದು. ಒಮ್ಮೆ ಹಾಗೆ ಬರೆಯಲು ಮರೆತು, ಒಬ್ಬರು ಕೊಟ್ಟ ಜೋಳಕ್ಕೆ ಮತ್ತೊಬ್ಬರ ಮನೆಗೆ ರಸೀದಿ ಕಳುಹಿಸಿದೆವು. ಅವರು ರಸೀದಿಯನ್ನು ಹಿಂದಿರುಗಿಸಲು ಬಂದರು. ಬರುವಾಗ ತಾವೂ ಒಂದು ಚೀಲ ಜೋಳ ತಂದಿದ್ದರು. ಹೆಸರಿನ ಋಣವೆಂದರೇನೆಂಬುದು ಅಂದು ನಮಗೆ ಅರಿವಾಯಿತು.

ಕಲಬುರಗಿಯ ಐವಾನ್-ಎ-ಶಾಹಿಯ ಬಡಾವಣೆಗಳಿಂದ ಕಮಲಾಪುರದ ಕೆಂಪುಬಾಳೆಯ ತೋಟಗಳವರೆಗೆ ಮನೆಮನೆಗೂ ಈ ಹೆಸರನ್ನು ಮುಟ್ಟಿಸಿದವರು ಅರಸರಲ್ಲ, ಒಬ್ಬ ಒಕ್ಕಲಿಗ ಶರಣರು.

ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಮಲಕಪ್ಪ ಮತ್ತು ಸಂಗಮ್ಮ ದಂಪತಿಗಳ ಮಗನಾಗಿ ಶರಣಬಸವೇಶ್ವರರು ಜನಿಸಿದರು. ಹನ್ನೆರಡನೆಯ ಶತಮಾನದ ಬಸವಣ್ಣನವರ ಹೆಸರಿಗೆ ಶರಣ ಎಂಬ ಪದ ಕೂಡಿ ಅವರ ಹೆಸರಾಯಿತು. ಕಲಕೇರಿಯ ಮರುಳಾರಾಧ್ಯರು ಅವರ ಗುರುಗಳು. ಹೊಲದ ಕಾಯಕ, ಬಂದವರಿಗೆ ಅನ್ನ: ಇವೆರಡೇ ಅವರ ಸಾಧನೆ. ಮಹಾದೇವಿಯವರ ಕೈಹಿಡಿದು ಗೃಹಸ್ಥರಾಗಿಯೇ ಅವರು ದಾಸೋಹ ನಡೆಸಿದರು. ಬೆಳೆದ ಪೈರಿಗೆ ಎರಗುವ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ಕುಡಿಯಲು ನೀರಿಟ್ಟರೆಂದು ಭಕ್ತರು ಇಂದಿಗೂ ಹೇಳುತ್ತಾರೆ.

ಮುಂದೆ ಅವರು ಹುಟ್ಟೂರನ್ನು ಬಿಟ್ಟು ಕಲಬುರಗಿಗೆ ಬಂದರು. ಅಂದು ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ದಾಸೋಹ ಇಲ್ಲಿಯೂ ನಿಲ್ಲಲಿಲ್ಲ. 1822ರಲ್ಲಿ ಅವರು ಲಿಂಗೈಕ್ಯರಾದರು. ಅವರ ಗದ್ದುಗೆಯ ಮೇಲೆ ದೇವಾಲಯವೆದ್ದಿತು. ಹೋಳಿ ಹುಣ್ಣಿಮೆಯ ಅನಂತರ ಐದನೆಯ ದಿನ ನಡೆಯುವ ರಥೋತ್ಸವದಲ್ಲಿ ಪರುಷ ಬಟ್ಟಲನ್ನು ಭಕ್ತರಿಗೆ ತೋರಿಸಲಾಗುತ್ತದೆ. ಶರಣರ ಗುರುತಾಗಿ ಜನಸಾಗರಕ್ಕೆ ಕಾಣಿಸುವುದು ಖಡ್ಗವಲ್ಲ, ಕಿರೀಟವಲ್ಲ, ಒಂದು ಪ್ರಸಾದದ ಬಟ್ಟಲು.

ಶರಣರ ಸೇವೆಗೆ ನಿಂತ ಆದಿ ದೊಡ್ಡಪ್ಪನವರು ಸಂಸ್ಥಾನದ ಪ್ರಥಮ ಪೀಠಾಧಿಪತಿಗಳು. ಏಳನೆಯವರೂ ದೊಡ್ಡಪ್ಪ ಅಪ್ಪ. 1934ರಲ್ಲಿ ಅವರು ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಎಂಟನೆಯವರು ಮೂಲಶರಣರ ಹೆಸರನ್ನೇ ಹೊತ್ತ ಶರಣಬಸಪ್ಪ ಅಪ್ಪ. 1935ರಲ್ಲಿ ಜನಿಸಿ 2025ರಲ್ಲಿ ಲಿಂಗೈಕ್ಯರಾದ ಅವರು ಅನ್ನದಾಸೋಹದೊಡನೆ ಜ್ಞಾನದಾಸೋಹವನ್ನು ವಿಸ್ತರಿಸಿದರು. ಅದರ ಫಲವಾಗಿ 2017ರಲ್ಲಿ ಶರಣಬಸವ ವಿಶ್ವವಿದ್ಯಾಲಯವು ರೂಪುಗೊಂಡಿತು. ರಾಜಕಾರಣದಲ್ಲಿ ಶಹಾಪುರದ ಶರಣಬಸಪ್ಪ ದರ್ಶನಾಪುರ ಅವರು ಇದೇ ಹೆಸರಿನಿಂದ ಸಚಿವಪದವಿಗೇರಿದರು. ಹೆಸರಿನ ಮೂಲವಾದ ಬಸವನನ್ನು ಹಿಡಿದು ಹೊರಟರೆ ಹರಹು ಇನ್ನೂ ದೊಡ್ಡದು: ಸಂಗೀತಕ್ಕೆ ಬಸವರಾಜ ರಾಜಗುರು, ಕಾದಂಬರಿಗೆ ಬಸವರಾಜ ಕಟ್ಟೀಮನಿ, ಮೈಸೂರಿನ ಆಸ್ಥಾನಕ್ಕೆ ಬಸವಪ್ಪಶಾಸ್ತ್ರಿ.

ಕ್ಷೇತ್ರಗಳು ಬೇರೆ, ಕಾಯಕಗಳು ಬೇರೆ. ಹೆಸರು ಒಂದೇ ಆದ ಮಾತ್ರಕ್ಕೆ ಬಾಳು ಒಂದಾಗದು, ಆಗಬೇಕಾಗಿಯೂ ಇಲ್ಲ. ಆದರೆ ಹೆಸರನ್ನು ಹೊಂದುವುದಕ್ಕೆ ಯಾರೂ ದುಡಿಯಬೇಕಿಲ್ಲ. ಅದು ತೊಟ್ಟಿಲಲ್ಲಿಯೇ ದೊರೆಯುತ್ತದೆ. ಅದನ್ನು ಉಳಿಸಿಕೊಳ್ಳುವುದಕ್ಕೆ ಮಾತ್ರ ಜೀವಮಾನವಿಡೀ ದುಡಿಯಬೇಕು.

ಮಗುವಿಗೆ ಶರಣಬಸವನೆಂದು ಹೆಸರಿಡುವ ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹ. ಹೆಸರನ್ನು ಕಿವಿಯಲ್ಲಿ ಉಸುರಿದಷ್ಟಕ್ಕೆ ನಿಲ್ಲದಿರಿ. ಮಗು ಬೆಳೆದು ಕೇಳಬಲ್ಲ ವಯಸ್ಸಿಗೆ ಬಂದಾಗ ಅರಳಗುಂಡಗಿಯ ಹೊಲದ ಕಥೆಯನ್ನೂ ಹೇಳಿರಿ. ಬೇಸಗೆಯಲ್ಲಿ ಮಾಳಿಗೆಯ ಮೇಲೆ ಹಕ್ಕಿಗಳಿಗೊಂದು ಬಟ್ಟಲು ನೀರನ್ನು ಆ ಮಗುವಿನ ಕೈಯಿಂದಲೇ ಇಡಿಸಿರಿ. ಹೆಸರಿನ ಲೆಕ್ಕ ಅಲ್ಲಿಂದ ಆರಂಭವಾಗಲಿ.