ಅನ್ಯರಾಜ್ಯದ ಸೇನಾನಿ: ಐರಿಷ್ ಮೂಲದ ಕೌಂಟ್ ಲಾಲಿಯ ಜೀವನ

ಹದಿನೆಂಟನೆಯ ಶತಮಾನದ ದಕ್ಷಿಣ ಭಾರತದ ಚರಿತ್ರೆಯನ್ನು ಓದುವವರಿಗೆ ಲಾಲಿ ಎಂಬ ಹೆಸರು ಅಪರಿಚಿತವಲ್ಲ. 1758ರಲ್ಲಿ ಫ್ರೆಂಚ್ ಸೇನಾಪತಿಯಾಗಿ ಪುದುಚೇರಿಗೆ ಬಂದು, 1760ರಲ್ಲಿ ವಂದವಾಸಿಯಲ್ಲಿ ಸೋತು, 1761ರಲ್ಲಿ ಪುದುಚೇರಿಯನ್ನು ಬ್ರಿಟಿಷರಿಗೆ ಒಪ್ಪಿಸಿದವನು ಎಂಬಷ್ಟಕ್ಕೆ ಅವನ ಪರಿಚಯ ಸಾಮಾನ್ಯವಾಗಿ ಮುಗಿಯುತ್ತದೆ. ಅವನನ್ನು ಫ್ರೆಂಚನೆಂದು ಕರೆಯುವುದು ರೂಢಿ. ಹುಟ್ಟಿದ ನೆಲವನ್ನೂ ಸಲ್ಲಿಸಿದ ಸೇವೆಯನ್ನೂ ನೋಡಿದರೆ ಅದು ತಪ್ಪಲ್ಲ. ಆದರೆ ಲಾಲಿಯ ಬದುಕನ್ನು ರೂಪಿಸಿದ್ದು ಐರ್ಲೆಂಡಿನ ಸೋಲು. ಆ ಸೋಲಿನಿಂದ ದೇಶಭ್ರಷ್ಟನಾದ ತಂದೆಯ ದ್ವೇಷವನ್ನು ಆಸ್ತಿಯಂತೆ ಪಡೆದು, ತನ್ನದಲ್ಲದ ರಾಜ್ಯಕ್ಕಾಗಿ ಹೋರಾಡಿ, ಕೊನೆಗೆ ಅದೇ ರಾಜ್ಯದ ಕೈಯಲ್ಲಿ ಪ್ರಾಣ ತೆತ್ತವನು ಅವನು. ಈ ಹಿನ್ನೆಲೆಯಲ್ಲಿ ಅವನ ಜೀವನವನ್ನು ನಿರೂಪಿಸಿ, ಮೈಸೂರಿನೊಂದಿಗೆ ಅವನಿಗಿದ್ದ ಅಲ್ಪಕಾಲದ ಸಂಬಂಧವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಲಸೆಯ ಹಿನ್ನೆಲೆ

1688ರಲ್ಲಿ ಇಂಗ್ಲೆಂಡಿನ ಕ್ಯಾಥೊಲಿಕ್ ದೊರೆ ಎರಡನೆಯ ಜೇಮ್ಸ್ ಸಿಂಹಾಸನವನ್ನು ಕಳೆದುಕೊಂಡಾಗ ಐರ್ಲೆಂಡಿನ ಕ್ಯಾಥೊಲಿಕರಲ್ಲಿ ಹೆಚ್ಚಿನವರು ಅವನ ಪಕ್ಷದಲ್ಲಿ ನಿಂತರು. 1690ರಲ್ಲಿ ಬಾಯ್ನ್ ನದಿಯ ದಡದಲ್ಲಿಯೂ ಮರುವರ್ಷ ಆಗ್ರಿಮ್‌ನಲ್ಲಿಯೂ ಮೂರನೆಯ ವಿಲಿಯಮ್‌ನ ಪಕ್ಷ ಜಯಗಳಿಸಿತು. 1691ರ ಅಕ್ಟೋಬರಿನಲ್ಲಿ ಲಿಮೆರಿಕ್ ನಗರವು ಒಪ್ಪಂದ ಮಾಡಿಕೊಂಡು ಶರಣಾಯಿತು. ಬಯಸಿದ ಸೈನಿಕರು ಫ್ರಾನ್ಸಿಗೆ ಹೋಗಬಹುದೆಂಬುದು ಆ ಒಪ್ಪಂದದ ಒಂದು ಷರತ್ತು. ಪ್ಯಾಟ್ರಿಕ್ ಸಾರ್ಸ್‌ಫೀಲ್ಡನ ನಾಯಕತ್ವದಲ್ಲಿ ಸುಮಾರು 14,000 ಯೋಧರು ಹಡಗೇರಿದರು. ಹೀಗೆ ತಾಯ್ನಾಡು ತೊರೆದವರನ್ನು ಐರಿಷ್ ಜನ ಕಾಡು ಹೆಬ್ಬಾತುಗಳೆಂದು ಕರೆದರು. ಋತು ಬದಲಾದಾಗ ಹೆಬ್ಬಾತುಗಳು ಮರಳುತ್ತವೆ. ಆದರೆ ಹೋದವರಲ್ಲಿ ಬಹುಪಾಲು ಜನ ಮರಳಲಿಲ್ಲ. ಕ್ಯಾಥೊಲಿಕರ ರಕ್ಷಣೆಗೆಂದು ಒಪ್ಪಂದದಲ್ಲಿ ಕೊಟ್ಟ ಭರವಸೆಗಳೂ ಉಳಿಯಲಿಲ್ಲ. ಮುಂದಿನ ದಶಕಗಳ ದಂಡಶಾಸನಗಳು ಅವರನ್ನು ಶಸ್ತ್ರಧಾರಣೆಯಿಂದ, ಸರ್ಕಾರಿ ಹುದ್ದೆಗಳಿಂದ, ಭೂಮಿಯನ್ನು ಕೊಳ್ಳುವ ಹಕ್ಕಿನಿಂದ ದೂರವಿಟ್ಟವು.

ಹೀಗೆ ಹೋದವರಲ್ಲಿ ಗಾಲ್ವೇ ಪ್ರಾಂತದ ಟೂಮ್ ಪಟ್ಟಣದ ಬಳಿಯ ಟುಲ್ಲಿನಡಾಲಿ ಗ್ರಾಮದ ಸರ್ ಜೆರಾರ್ಡ್ ಲಾಲಿಯೂ ಒಬ್ಬ. ಆತ ಫ್ರೆಂಚ್ ಸೇವೆಯಲ್ಲಿದ್ದ ಐರಿಷರ ಡಿಲ್ಲನ್ ಪಡೆಯ ಅಧಿಕಾರಿಯಾಗಿ, ಫ್ರೆಂಚ್ ಕುಲೀನ ಮನೆತನದ ಕನ್ಯೆಯನ್ನು ವಿವಾಹವಾದ. ಅವರ ಮಗ ಥಾಮಸ್ ಆರ್ಥರ್ ಲಾಲಿ 1702ರ ಜನವರಿಯಲ್ಲಿ ಆಗ್ನೇಯ ಫ್ರಾನ್ಸಿನ ರೋಮಾನ್ಸ್ ಪಟ್ಟಣದಲ್ಲಿ ಜನಿಸಿದ. ಮುಂದೆ ಅವನು ಬ್ಯಾರನ್ ದ ತೊಲಾಂದಾಲ್ ಎಂಬ ಬಿರುದನ್ನು ಧರಿಸಿದ. ತೊಲಾಂದಾಲ್ ಎಂಬುದು ಟುಲ್ಲಿನಡಾಲಿಯ ಫ್ರೆಂಚ್ ರೂಪ. ಕೈತಪ್ಪಿದ ಪಿತ್ರಾರ್ಜಿತ ಗ್ರಾಮವು ಬಿರುದಿನಲ್ಲಿ ಮಾತ್ರ ಉಳಿದದ್ದು ಗಮನಾರ್ಹ.

ಯೂರೋಪಿನ ರಣರಂಗಗಳಲ್ಲಿ

ಲಾಲಿ ಬಾಲ್ಯದಿಂದಲೇ ತಂದೆಯ ಪಡೆಯ ನಡುವೆ ಬೆಳೆದ. ಅವನ ಪಾಲಿಗೆ ಸೈನ್ಯವೇ ಮನೆ, ಸೈನ್ಯವೇ ಪಾಠಶಾಲೆ. ಫ್ರಾನ್ಸಿನ ಯುದ್ಧಗಳಲ್ಲಿ ಭಾಗವಹಿಸುತ್ತಲೇ, ಗಡೀಪಾರಾದ ಸ್ಟೂವರ್ಟ್ ರಾಜಮನೆತನವನ್ನು ಮತ್ತೆ ಲಂಡನ್ನಿನ ಸಿಂಹಾಸನಕ್ಕೇರಿಸುವ ಗುಪ್ತ ಯೋಜನೆಗಳಲ್ಲಿಯೂ ಅವನು ತೊಡಗಿದ. ಇದೇ ಉದ್ದೇಶದ ರಾಯಭಾರವೊಂದು ಅವನನ್ನು ರಷ್ಯಾಕ್ಕೂ ಕರೆದೊಯ್ದಿತು. 1744ರಲ್ಲಿ ಅವನ ಹೆಸರಿನಲ್ಲಿಯೇ ಒಂದು ಐರಿಷ್ ಪಡೆ ರಚನೆಯಾಯಿತು.

1745ರ ಮೇ 11ರಂದು ಇಂದಿನ ಬೆಲ್ಜಿಯಮ್‌ನಲ್ಲಿರುವ ಫಾಂಟೆನಾಯ್‌ನಲ್ಲಿ ನಡೆದ ಕದನ ಅವನ ಕೀರ್ತಿಯ ಶಿಖರ. ಬ್ರಿಟಿಷ್ ಪದಾತಿಯ ದಟ್ಟ ವ್ಯೂಹವು ಫ್ರೆಂಚ್ ಸಾಲುಗಳನ್ನು ಭೇದಿಸಿ ಮುನ್ನುಗ್ಗಿದಾಗ, ಅದನ್ನು ಹಿಮ್ಮೆಟ್ಟಿಸಿದ ಕೊನೆಯ ದಾಳಿಯಲ್ಲಿ ಐರಿಷ್ ಬ್ರಿಗೇಡಿನ ಆರು ಪದಾತಿದಳಗಳ ಪಾತ್ರ ನಿರ್ಣಾಯಕವಾಗಿತ್ತು. ಲಿಮೆರಿಕ್‌ನ ಸೋಲಿಗೆ ಅರ್ಧ ಶತಮಾನದ ಬಳಿಕ ತೀರಿಸಿದ ಸೇಡು ಇದೆಂದು ಐರಿಷರು ಭಾವಿಸಿದರು. ಹದಿನೈದನೆಯ ಲೂಯಿ ರಣಭೂಮಿಯಲ್ಲಿಯೇ ಲಾಲಿಗೆ ಬ್ರಿಗೇಡಿಯರ್ ಪದವಿಯನ್ನಿತ್ತ. ಬಳಿಕ ಲಾಲಿ ಸ್ಕಾಟ್ಲೆಂಡಿನಲ್ಲಿ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ನಡೆಸುತ್ತಿದ್ದ ದಂಗೆಯನ್ನು ಸೇರಿ, 1746ರ ಜನವರಿಯ ಫಾಲ್ಕರ್ಕ್ ಕದನದಲ್ಲಿ ಅವನ ಬಳಿ ಇದ್ದ. ಅದೇ ವರ್ಷದ ಏಪ್ರಿಲ್‌ನಲ್ಲಿ ಕಲೋಡೆನ್‌ನಲ್ಲಿ ಆ ದಂಗೆ ನಿರ್ನಾಮವಾಯಿತು. ಸ್ಟೂವರ್ಟರ ಪುನರಾಗಮನದ ಆಸೆ ಕಮರಿದ ಮೇಲೆ ಲಾಲಿಗೆ ಉಳಿದದ್ದು ಇಂಗ್ಲಿಷರ ಮೇಲಿನ ವೈರ ಮತ್ತು ಫ್ರೆಂಚ್ ದೊರೆಯ ಸೇವೆ, ಇವೆರಡೇ.

ಭಾರತದಲ್ಲಿ ಲಾಲಿ

1756ರಲ್ಲಿ ಏಳು ವರ್ಷಗಳ ಯುದ್ಧ ಆರಂಭವಾದಾಗ, ಭಾರತದಿಂದ ಬ್ರಿಟಿಷರನ್ನು ಹೊರದೂಡುವ ಹೊಣೆಯನ್ನು ಅವನಿಗೆ ವಹಿಸಲಾಯಿತು. 1757ರಲ್ಲಿ ಹೊರಟ ನೌಕಾಬಲ ಪುದುಚೇರಿಯನ್ನು ಮುಟ್ಟಿದ್ದು 1758ರ ಏಪ್ರಿಲ್ ಕೊನೆಯಲ್ಲಿ. ಈ ದೀರ್ಘ ವಿಳಂಬದ ಅವಧಿಯಲ್ಲಿ ಬಂಗಾಳದಲ್ಲಿ ಪ್ಲಾಸಿ ಕದನ ಮುಗಿದು, ಬ್ರಿಟಿಷರಿಗೆ ಹಣದ ಹೊಸ ಆಕರ ದೊರೆತಿತ್ತು. ಇತ್ತ ಪುದುಚೇರಿಯ ಬೊಕ್ಕಸ ಬರಿದಾಗಿತ್ತು. ಕಂಪನಿಯ ಗವರ್ನರ್ ಲೆಯ್ರಿ ಮತ್ತು ಅವನ ಸಲಹಾಮಂಡಳಿ, ತಮ್ಮ ಭ್ರಷ್ಟತೆಯನ್ನು ವಿಚಾರಿಸಲೆಂದೇ ಬಂದ ಸೇನಾಪತಿಯನ್ನು ಆರಂಭದಿಂದಲೇ ಶಂಕೆಯಿಂದ ಕಂಡರು.

ಲಾಲಿ ಕಾಲಹರಣ ಮಾಡಲಿಲ್ಲ. ಕಡಲೂರನ್ನೂ ಅದರ ಬಳಿಯ ಸೇಂಟ್ ಡೇವಿಡ್ ಕೋಟೆಯನ್ನೂ ಜೂನ್ ಆರಂಭದೊಳಗೆ ವಶಪಡಿಸಿಕೊಂಡ. ಆದರೆ ಈ ಜಯದೊಳಗೇ ಸೋಲಿನ ಬೀಜವಿತ್ತು. ಸಾಗಣೆಗೆ ಎತ್ತುಗಳೂ ಕೂಲಿಯಾಳುಗಳೂ ಸಾಲದಿದ್ದಾಗ, ಅವನು ಜಾತಿಯನ್ನು ಲೆಕ್ಕಿಸದೆ ಸ್ಥಳೀಯರನ್ನು ಹಿಡಿತರಿಸಿ ಹೊರೆ ಹೊರಿಸಿದ. ದಂಡಶಾಸನಗಳ ಅಪಮಾನದಿಂದ ಪಾರಾಗಿ ಬಂದ ಮನೆತನದವನು ಮತ್ತೊಂದು ನಾಡಿನ ಜನರಿಗೆ ಅದೇ ಬಗೆಯ ಅಪಮಾನವನ್ನು ಮಾಡಿದನೆಂಬುದನ್ನು ಇಲ್ಲಿ ಮರೆಯುವಂತಿಲ್ಲ. ಹಳೆಯ ಸಾಲಪತ್ರವೊಂದರ ನೆಪದಲ್ಲಿ ಹಣ ವಸೂಲಿ ಮಾಡಲು ತಂಜಾವೂರಿನ ಮೇಲೆ ನಡೆಸಿದ ದಂಡಯಾತ್ರೆ ಇನ್ನೂ ಕ್ರೂರವಾಯಿತು. ದಾರಿಯಲ್ಲಿ ಕೀಳ್ವೇಳೂರಿನ ದೇವಾಲಯವನ್ನು ಸೈನ್ಯ ಶೋಧಿಸಿ ಕೆಡಿಸಿತು. ಗೂಢಚಾರರೆಂಬ ಶಂಕೆಯಿಂದ ಬ್ರಾಹ್ಮಣರನ್ನು ಫಿರಂಗಿಯ ಬಾಯಿಗೆ ಕಟ್ಟಿ ಕೊಲ್ಲಲಾಯಿತು. ಮದ್ದುಗುಂಡು ಮತ್ತು ಆಹಾರದ ಕೊರತೆಯಿಂದ ಆಗಸ್ಟ್‌ನಲ್ಲಿ ಅವನು ಬರಿಗೈಯಲ್ಲಿ ಹಿಂತಿರುಗಬೇಕಾಯಿತು. ಸುತ್ತಲಿನ ನಾಡಿನಲ್ಲಿ ಅವನಿಗೆ ಕಾಳು, ಎತ್ತು, ಸುದ್ದಿ ಯಾವುದೂ ಸುಲಭವಾಗಿ ದೊರೆಯದಂತಾಯಿತು.

ಇದೇ ವೇಳೆ ಹೈದರಾಬಾದಿನ ನಿಜಾಮನ ಆಸ್ಥಾನದಲ್ಲಿ ಫ್ರೆಂಚ್ ಪ್ರಭಾವವನ್ನು ಬೆಳೆಸಿದ್ದ ಬುಸ್ಸಿಯನ್ನು ಲಾಲಿ ಹಿಂದಕ್ಕೆ ಕರೆಸಿಕೊಂಡ. ಭಾರತೀಯ ರಾಜಕಾರಣದ ಒಳಹೊರಗನ್ನು ಬಲ್ಲ ಬುಸ್ಸಿಯ ಸಲಹೆ ಅವನಿಗೆ ಹಿಡಿಸಲಿಲ್ಲ. ಅವನ ದೃಷ್ಟಿಯಲ್ಲಿ ಶತ್ರು ಒಬ್ಬನೇ, ರಣರಂಗವೂ ಒಂದೇ. ದೇಶೀಯ ಅರಸರ ಸ್ನೇಹ ವೈರಗಳು ಕೇವಲ ಅಡ್ಡಿ. ಪರಿಣಾಮವಾಗಿ ಉತ್ತರ ಸರ್ಕಾರ್ ಪ್ರದೇಶ ಬ್ರಿಟಿಷರ ಪಾಲಾಯಿತು. 1758ರ ಡಿಸೆಂಬರಿನಲ್ಲಿ ಆರಂಭಿಸಿದ ಮದ್ರಾಸಿನ ಮುತ್ತಿಗೆಯನ್ನು 1759ರ ಫೆಬ್ರವರಿಯಲ್ಲಿ ಬ್ರಿಟಿಷ್ ಹಡಗುಗಳು ಕಾಣಿಸಿಕೊಂಡೊಡನೆ ಕೈಬಿಡಬೇಕಾಯಿತು. ನೌಕಾಧಿಪತಿ ದಾಶೆ ಅದೇ ವರ್ಷ ಮಾರಿಷಸ್ಸಿಗೆ ತೆರಳಿದವನು ಮತ್ತೆ ಬರಲೇ ಇಲ್ಲ. ಸಂಬಳ ಬಾಕಿ ಉಳಿದ ಸೈನಿಕರು ಅಕ್ಟೋಬರಿನಲ್ಲಿ ಬಂಡೆದ್ದರು.

1760ರ ಜನವರಿ 22ರಂದು ವಂದವಾಸಿಯಲ್ಲಿ ನಿರ್ಣಾಯಕ ಕದನ ನಡೆಯಿತು. ಲಾಲಿಯ ಎಡಪಕ್ಕದಲ್ಲಿ ಮದ್ದಿನ ಬಂಡಿಯೊಂದು ಸ್ಫೋಟಿಸಿ ಸಾಲು ಮುರಿಯಿತು. ಲಾಲಿಯ ಹೆಸರಿನ ಪಡೆಯನ್ನು ಮುನ್ನಡೆಸುತ್ತಿದ್ದ ಬುಸ್ಸಿ ಸೆರೆಯಾದ. ಎದುರು ಪಕ್ಷದ ದಳಪತಿ ಐರ್ ಕೂಟ್ ಕೂಡ ಐರ್ಲೆಂಡಿನವನೇ. ಲಿಮೆರಿಕ್ ಪ್ರಾಂತದ ಪ್ರಾಟೆಸ್ಟೆಂಟ್ ಭೂಮಾಲೀಕ ಮನೆತನದವನು. 1691ರಲ್ಲಿ ಗೆದ್ದ ಪಕ್ಷದವನೂ ಸೋತ ಪಕ್ಷದವನೂ ತಮಿಳುನಾಡಿನ ಬಯಲಿನಲ್ಲಿ ಇದಿರಾದರು. ಆದರೆ ಒಬ್ಬ ಬ್ರಿಟಿಷರಿಗಾಗಿ, ಇನ್ನೊಬ್ಬ ಫ್ರೆಂಚರಿಗಾಗಿ ಹೋರಾಡಿದ. ಗೆಲುವು ಸೋಲುಗಳೆರಡರಲ್ಲಿಯೂ ಐರ್ಲೆಂಡಿಗೆ ಪಾಲಿರಲಿಲ್ಲ.

ಮೈಸೂರಿನ ನಂಟು

ವಂದವಾಸಿಯ ಬಳಿಕ ಪುದುಚೇರಿಯ ಸುತ್ತ ಬ್ರಿಟಿಷರ ಬಲೆ ಬಿಗಿಯಾದಾಗ, ದೇಶೀಯ ಅರಸರನ್ನು ಕಡೆಗಣಿಸಿದ್ದ ಲಾಲಿ ಮೈಸೂರಿನ ಕಡೆ ಕೈಚಾಚಿದ. ಆಗ ಹೈದರ್ ಅಲಿ ಮೈಸೂರಿನ ಆಡಳಿತದ ಮೇಲೆ ಹಿಡಿತ ಸಾಧಿಸುತ್ತಿದ್ದ. 1760ರಲ್ಲಿ ಆದ ಒಪ್ಪಂದದಂತೆ ತ್ಯಾಗದುರ್ಗದ ಕೋಟೆಯನ್ನು ಮೈಸೂರಿಗೆ ಬಿಟ್ಟುಕೊಡುವುದು, ಪ್ರತಿಯಾಗಿ ಮೈಸೂರಿನವರು ಅಶ್ವದಳವನ್ನೂ ಆಹಾರ ಸಾಮಗ್ರಿಯನ್ನೂ ಒದಗಿಸುವುದು ಎಂದು ಗೊತ್ತಾಯಿತು. ಹೈದರನ ಬಂಧು ಮಖ್ದೂಮ್ ಅಲಿ ಸೈನ್ಯದೊಡನೆ ಇಳಿದುಬಂದು, ಜುಲೈನಲ್ಲಿ ತಿರುವದಿಯ ಬಳಿ ಬ್ರಿಟಿಷ್ ತುಕಡಿಯೊಂದನ್ನು ಸೋಲಿಸಿದ. ಆದರೆ ಆಗಸ್ಟ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಖಂಡೇರಾಯನು ಹೈದರನ ವಿರುದ್ಧ ತಿರುಗಿಬಿದ್ದ. ಹೈದರನು ಬೆಂಗಳೂರಿಗೆ ಪಲಾಯನ ಮಾಡಬೇಕಾಯಿತು. ಮಖ್ದೂಮನಿಗೆ ಹಿಂತಿರುಗುವಂತೆ ಕರೆ ಬಂದಿತು. ಹೀಗೆ ಪುದುಚೇರಿಗೆ ಭೂಮಾರ್ಗದಿಂದ ಬರಬಹುದಾಗಿದ್ದ ನೆರವಿನ ಕೊನೆಯ ಆಸೆಗಳಲ್ಲೊಂದು ಶ್ರೀರಂಗಪಟ್ಟಣದ ಒಳಜಗಳದಲ್ಲಿ ಕರಗಿಹೋಯಿತು. ಪುದುಚೇರಿಯ ಪತನದ ಬಳಿಕ ಫ್ರೆಂಚ್ ಸೈನಿಕರಲ್ಲಿ ಕೆಲವರು ಹೈದರನ ಸೇವೆಗೆ ಸೇರಿದರು.

ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. 1780ರ ಸುಮಾರಿನ ಮೈಸೂರು ಯುದ್ಧಗಳ ವೃತ್ತಾಂತಗಳಲ್ಲಿ ಹೈದರನ ಐರೋಪ್ಯ ದಳಪತಿಯಾಗಿ ಲಾಲಿ ಎಂಬ ಹೆಸರು ಮತ್ತೆ ಬರುತ್ತದೆ. ಆತ ಬೇರೆಯೇ ವ್ಯಕ್ತಿ. ಕೌಂಟ್ ಲಾಲಿ ಅದಕ್ಕೆ ಬಹಳ ಮೊದಲೇ ಮರಣ ಹೊಂದಿದ್ದ.

ವಿಚಾರಣೆ ಮತ್ತು ಮರಣ

1761ರ ಜನವರಿ ಮಧ್ಯದಲ್ಲಿ, ಕೋಟೆಯೊಳಗೆ ಆಹಾರವೆಲ್ಲ ಮುಗಿದ ಮೇಲೆ, ಪುದುಚೇರಿ ಶರಣಾಯಿತು. ಊರಿನಿಂದ ಹೊರಡುವಾಗ ಸ್ವಪಕ್ಷದ ಅಧಿಕಾರಿಗಳೇ ಲಾಲಿಯನ್ನು ನಿಂದಿಸಿ ಮೇಲೆ ಬೀಳಲು ಬಂದರು. ಯುದ್ಧಕೈದಿಯಾಗಿ ಲಂಡನ್ನಿಗೆ ಸಾಗಿಸಲ್ಪಟ್ಟ ಅವನಿಗೆ, ಫ್ರಾನ್ಸಿನಲ್ಲಿ ತನ್ನ ಮೇಲೆ ರಾಜದ್ರೋಹದ ಆರೋಪ ಹೊರಿಸಲಾಗಿದೆಯೆಂದು ತಿಳಿಯಿತು. ಹಿತೈಷಿಗಳು ಬೇಡವೆಂದರೂ ಕೇಳದೆ, ಬ್ರಿಟಿಷರಿಂದ ವಚನಬದ್ಧ ಬಿಡುಗಡೆ ಪಡೆದು, ಆರೋಪವನ್ನು ಎದುರಿಸಲು ಪ್ಯಾರಿಸ್ಸಿಗೆ ಮರಳಿದ. 1762ರಲ್ಲಿ ಬಾಸ್ತೀಯ್ ಸೆರೆಮನೆ ಸೇರಿದವನು ವಿಚಾರಣೆಗಾಗಿ ವರ್ಷಗಟ್ಟಲೆ ಕಾದ. ವಸಾಹತನ್ನೂ ಬಂಡವಾಳವನ್ನೂ ಕಳೆದುಕೊಂಡ ಜನಕ್ಕೆ ಒಬ್ಬ ಅಪರಾಧಿ ಬೇಕಾಗಿದ್ದ. ಲಾಲಿಯ ಕಟುಮಾತಿನಿಂದ ನೊಂದವರು ಸಾಕ್ಷಿ ಹೇಳಲು ಸಿದ್ಧರಿದ್ದರು. ಅವನ ಪರವಾಗಿ ನಿಲ್ಲುವ ಪ್ರಬಲ ಬಂಧುವರ್ಗವಿರಲಿಲ್ಲ. 1766ರ ಮೇ 6ರಂದು ಪ್ಯಾರಿಸ್ಸಿನ ಪಾರ್ಲಮಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಮೇ 9ರಂದು, ಜನರೆದುರು ಮಾತನಾಡದಂತೆ ಬಾಯಿ ಕಟ್ಟಿ, ಅವನ ಶಿರಚ್ಛೇದ ಮಾಡಲಾಯಿತು. ಫಾಂಟೆನಾಯ್‌ನಲ್ಲಿ ಅವನನ್ನು ಪುರಸ್ಕರಿಸಿದ ದೊರೆಯೇ ಆಗಲೂ ಸಿಂಹಾಸನದಲ್ಲಿದ್ದ.

ಲಾಲಿಯ ಮಗ ತ್ರೋಫೀಮ್ ಜೆರಾರ್ಡ್ ತಂದೆಯ ಮಾನವನ್ನು ಮರಳಿ ಪಡೆಯುವುದಕ್ಕಾಗಿ ಹೋರಾಡಿದ. ಅವನಿಗೆ ಚಿಂತಕ ವೋಲ್ಟೇರ್‌ನ ಲೇಖನಿಯ ಬಲ ದೊರೆಯಿತು. 1778ರ ಮೇ ತಿಂಗಳಲ್ಲಿ ರಾಜನ ಮಂಡಳಿ ಹಳೆಯ ತೀರ್ಪನ್ನು ರದ್ದುಪಡಿಸಿತು. ಮರಣಶಯ್ಯೆಯಲ್ಲಿದ್ದ ವೋಲ್ಟೇರ್‌ಗೆ ಈ ಸುದ್ದಿ ತಲುಪಿದ ಕೆಲವೇ ದಿನಗಳಲ್ಲಿ ಅವನು ತೀರಿಕೊಂಡ.

ಸಮಾರೋಪ

ಲಾಲಿ ದ್ರೋಹಿಯಲ್ಲ ಎಂಬುದು ನಿರ್ವಿವಾದ. ಅವನ ಧೈರ್ಯವನ್ನು ಶತ್ರುಗಳೂ ಒಪ್ಪಿದ್ದರು. ಆದರೆ ಹಣದ ಅಭಾವ, ನೌಕಾಬಲದ ನಿರ್ಗಮನ, ಸಹೋದ್ಯೋಗಿಗಳ ಅಸಹಕಾರ ಇವುಗಳ ಜೊತೆಗೆ ಅವನ ಸ್ವಭಾವವೂ ಸೋಲಿಗೆ ಕಾರಣವಾಯಿತೆಂಬುದನ್ನು ಅಲ್ಲಗಳೆಯಲಾಗದು. ತಂದೆಯಿಂದ ಬಂದ ವೈರವು ಅವನಿಗೆ ಕೆಚ್ಚನ್ನು ಕೊಟ್ಟಿತು. ತಾನು ನಿಂತ ನೆಲವನ್ನು, ಅಲ್ಲಿಯ ಜನರನ್ನು ಕಾಣುವ ಕಣ್ಣನ್ನು ಕೊಡಲಿಲ್ಲ. ತನ್ನದೆನ್ನುವ ರಾಜ್ಯವಿಲ್ಲದ ಯೋಧನು ಗೆಲ್ಲುವವರೆಗೆ ಮಾತ್ರ ಆಶ್ರಯದಾತರವನು. ಸೋತ ದಿನ ಪರಕೀಯ.

ಐರ್ಲೆಂಡಿನ ಮುಂದಿನ ರಾಜಕೀಯವನ್ನು ಗಮನಿಸುವವರಿಗೆ ಈ ಜೀವನ ಇನ್ನೊಂದು ಅರ್ಥವನ್ನು ನೀಡುತ್ತದೆ. 1922ರಲ್ಲಿ ಸ್ವತಂತ್ರ ರಾಜ್ಯವಾದ ಐರ್ಲೆಂಡ್, 1937ರ ಸಂವಿಧಾನದಲ್ಲಿ ತನ್ನ ಶಾಸನಸಭೆಯ ಸಮ್ಮತಿಯಿಲ್ಲದೆ ಯುದ್ಧದಲ್ಲಿ ಭಾಗವಹಿಸಬಾರದೆಂಬ ವಿಧಿಯನ್ನು ಸೇರಿಸಿತು. 1938ರಲ್ಲಿ ಬ್ರಿಟನ್ನಿನ ವಶದಲ್ಲಿದ್ದ ಮೂರು ಬಂದರುಗಳನ್ನು ಮರಳಿ ಪಡೆದು, 1939ರಲ್ಲಿ ತಟಸ್ಥವಾಗಿ ಉಳಿಯಿತು. ಆಗಲೂ ಸಾವಿರಾರು ಐರಿಷರು ಸ್ವಇಚ್ಛೆಯಿಂದ ಬ್ರಿಟಿಷ್ ಸೈನ್ಯವನ್ನು ಸೇರಿದರೆಂಬುದು ನಿಜ. ಆದರೆ ದೇಶವಾಗಿ ಯುದ್ಧಕ್ಕಿಳಿಯಬೇಕೆ ಬೇಡವೆ ಎಂಬ ನಿರ್ಣಯ ಡಬ್ಲಿನ್ನಿನಲ್ಲಿಯೇ ಆಯಿತು. ಲಾಲಿಯ ತಲೆಮಾರಿಗೆ ಇಲ್ಲದಿದ್ದದ್ದು ಆ ನಿರ್ಣಯದ ಅಧಿಕಾರ. ಅದಿಲ್ಲದ ಜನರ ಶೌರ್ಯ ಯಾರ ಲೆಕ್ಕಕ್ಕೆ ಸೇರುತ್ತದೆ ಎಂಬ ಪ್ರಶ್ನೆಯನ್ನು ವಂದವಾಸಿಯ ಬಯಲು ಮುಂದಿಡುತ್ತದೆ. ವಸಾಹತು ಕಾಲದ ಯುದ್ಧಗಳಲ್ಲಿ ಎರಡೂ ಪಕ್ಷಗಳಿಗೆ ಸಿಪಾಯಿಗಳನ್ನು ಒದಗಿಸಿದ ನಮ್ಮ ನಾಡಿಗೂ ಆ ಪ್ರಶ್ನೆ ಹೊರಗಿನದಲ್ಲ.