ಪಂಚಾಕ್ಷರಿ ಗವಾಯಿಗಳ ಚರಿತ್ರೆ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಜಾತ್ರೆಗಳಲ್ಲಿ ನಾಟಕ ನೋಡುವವರು, ಟಿಕೀಟಿನ ಹಣವು ಎಲ್ಲಿಗೆ ಹೋಗುತ್ತದೆಂದು ವಿಚಾರಿಸುವುದು ಅಪರೂಪ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ನಾಟಕ ಮಂಡಲಿಯಲ್ಲಾದರೋ ಅದು ಕುರುಡ ಮಕ್ಕಳ ಅನ್ನಕ್ಕೆ ಸಲ್ಲುತ್ತಿತ್ತು.

ಆ ಆಶ್ರಮದ ಗುರುಗಳಾದ ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ಲು ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಕುರುಡರಾಗಿ ಜನಿಸಿದರು, ಅಣ್ಣನೂ ಕುರುಡನೇ. ಹಾನಗಲ್ಲ ಕುಮಾರಸ್ವಾಮಿಗಳು ಹುಡುಗನ ಕಂಠವನ್ನು ಮೆಚ್ಚಿ ಸಂಗೀತವನ್ನು ಕಲಿಸುವ ಏರ್ಪಾಡು ಮಾಡಿದರು. ಕರ್ನಾಟಕ, ಹಿಂದೂಸ್ತಾನಿ ಎರಡರಲ್ಲಿಯೂ ಪ್ರವೀಣರಾದ ಇವರು ಅರಮನೆಗಳನ್ನು ಆಶ್ರಯಿಸದೆ, ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುವ ಪಾಠಶಾಲೆಯನ್ನು ನಡಿಸಿದರು. ಬೇಡಬೇಕಾಗಿದ್ದ ಕೈಗಳು ತಂಬೂರಿಯನ್ನು ಹಿಡಿದವು. ಅಮೇರಿಕದ ಫಿಸ್ಕ್ ವಿದ್ಯಾಶಾಲೆಯಲ್ಲಿ ದಾಸತ್ವದಿಂದ ಬಿಡುಗಡೆಯಾದ ಯೌವನಸ್ಥರು 1871ರಲ್ಲಿ ಹಾಡುತ್ತಾ ಹೊರಟು, ಇಂಗ್ಲೆಂಡಿನ ವರೆಗೂ ಹೋಗಿ ತಮ್ಮ ಶಾಲೆಗೆ ಹಣ ತಂದದ್ದು ಇಂಥದೇ ಕಾರ್ಯವು.

1944ರಲ್ಲಿ ಗವಾಯಿಗಳು ತೀರಿಕೊಳ್ಳಲು, ಕುರುಡ ಶಿಷ್ಯರಾದ ಪುಟ್ಟರಾಜರು 2010ರ ವರೆಗೆ ಆ ಮಕ್ಕಳ ಭಾರವನ್ನು ಹೊತ್ತರು.